ಮೇಘರಾಜನೊಡನೆ ಅರೆಗಳಿಗೆ

ಆಷಾಢದ ಒಂದು ಅಪರಾಹ್ಣ, ಸಕಲೇಶಪುರದ ಘಟ್ಟದಲ್ಲಿ ತನ್ನ ಸರ್ವಸ್ವವನ್ನೂ ಸುರಿದು, ಹಾಸನಕ್ಕೆ ಅರೆಮನಸ್ಸಿನಿಂದ ಒಂದಿಷ್ಟು ಹನಿಸಿ, ಅರಕಲಗೂಡಿನ ಹೊಗೆಸೊಪ್ಪಿನ ಹೊಲಗಳನ್ನು ದಾಟಿ, ಹೊಳೆನರಸೀಪುರದ ಪೇಟೆಬೀದಿಯ ಮೇಲೆ ದಣಿವಾರಿಸಿಕೊಳ್ಳುತ್ತಿದ್ದ ಮೋಡವೊಂದನ್ನು ಮಾತನಾಡಿಸುವ ಸುಯೋಗ ನನಗೊದಗಿತು.

“ಮೇಘರಾಜರೇ, ಗಣಕಯಂತ್ರದವರು ತಮ್ಮ ನಾಮಧೇಯವನ್ನು ಅಪಹರಿಸಿ ‘ಕ್ಲೌಡ್’ ಎಂದಿಟ್ಟುಕೊಂಡಿರುವರಲ್ಲ, ತಮಗೆ ಬೇಸರವಿಲ್ಲವೆ?”

“ಬೇಸರವೇಕಯ್ಯಾ? ನನಗೆ ನಿಲ್ಲಲು ನೆಲೆಯಿಲ್ಲ; ಆತನಿಗಾದರೋ ಕಟ್ಟಡವಿದೆ, ಕಾವಲಿದೆ, ಡೀಸೆಲ್ ಜನರೇಟರಿದೆ, ಹಗಲಿರುಳೂ ತಂಪುಗಾಳಿಯ ಉಪಚಾರವಿದೆ. ನಿವೇಶನವುಳ್ಳ ಮೋಡವನ್ನು ಕಾಳಿದಾಸನೂ ಕಂಡಿರಲಾರ.”

“ಆದರೂ ಆತನಿಂದ ವಿದ್ಯುತ್ತು ಉಳಿಯುವುದೆಂದು ಬಲ್ಲವರು ಹೇಳುತ್ತಾರೆ.”

“ಅದು ಸುಳ್ಳಲ್ಲ. ಮನೆಮನೆಯ ಬೀಸುವ ಕಲ್ಲು ಮೂಲೆ ಸೇರಿ ಊರಿಗೊಂದು ಗಿರಣಿ ಬಂದಂತೆ ಇದು. 2000ದ ಸುಮಾರಿಗೆ ಭೂಮಿ ಯೋಜನೆ ಬಂದಾಗ ತಾಲ್ಲೂಕಿಗೊಂದು ಸರ್ವರ್ ಕುಳಿತು, ಪಹಣಿ ಕೇಳುವವರು ಇರಲಿ ಬಿಡಲಿ, ಕರೆಂಟು ಕುಡಿಯುತ್ತಿತ್ತು. ದಾಖಲೆಗಳೆಲ್ಲ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರವನ್ನು ಸೇರಿದ ಮೇಲೆ, ಅನೇಕ ಕಚೇರಿಗಳ ಕೆಲಸವನ್ನು ಕೆಲವೇ ಯಂತ್ರಗಳು ಹಂಚಿಕೊಂಡು ಮಾಡಬಹುದಾಗಿ, ಸುಮ್ಮನೆ ಉರಿಯುವ ಕಾಟ ತಪ್ಪುತ್ತದೆ. 2010ರಿಂದ 2018ರೊಳಗೆ ಲೋಕದ ಇಂಥ ಕೇಂದ್ರಗಳ ಗಣನಕಾರ್ಯ ಆರೂವರೆ ಪಟ್ಟಾದರೂ ವಿದ್ಯುತ್ತಿನ ವ್ಯಯ ನೂರಕ್ಕೆ 6ರಷ್ಟು ಮಾತ್ರ ಏರಿತೆಂದು ಲೆಕ್ಕ ಹಾಕಿದವರುಂಟು.”

“ಹಾಗಾದರೆ ಪರಿಸರದ ಉದ್ಧಾರವಾಯಿತೆನ್ನಿ!”

“ಅವಸರ ಬೇಡ. ಗಿರಣಿ ಬಂತೆಂದು ನೀವೇನು ರೊಟ್ಟಿ ತಿನ್ನುವುದನ್ನು ಕಡಮೆ ಮಾಡಿದಿರೊ? ಇರಿಸಲು ಜಾಗ ಸೋವಿಯಾಯಿತೆಂದು, ಚನ್ನರಾಯಪಟ್ಟಣದ ಕಡೆಯಿಂದ ಶ್ರವಣಬೆಳಗೊಳಕ್ಕೆ ಹೋದ ಭಕ್ತನು, ಸರ್ವವನ್ನೂ ತ್ಯಜಿಸಿ ನಿಂತ ಆ ಗೊಮ್ಮಟನ ಮುಂದೆಯೇ ನಿಂತು ನಲವತ್ತು ಫೋಟೊ ತೆಗೆದು, ಒಂದನ್ನೂ ತ್ಯಜಿಸಲಾರದೆ, ಎಲ್ಲವನ್ನೂ ನನ್ನ ಹೆಸರಿನವನ ಹೊಟ್ಟೆಗೆ ತುಂಬುತ್ತಾನೆ. 2024ರಲ್ಲಿ ಭೂಮಂಡಲದ ವಿದ್ಯುತ್ತಿನಲ್ಲಿ ನೂರಕ್ಕೆ ಸುಮಾರು ಒಂದೂವರೆ ಪಾಲು ಆತನ ಬಳಗಕ್ಕೇ ಹೋಯಿತು. ಇತ್ತ ಕಾಗದವಾದರೂ ಉಳಿಯಿತೆ? ಆಕಾಶದಲ್ಲಿರುವ ಪಹಣಿಯನ್ನು ನೆಲಕ್ಕಿಳಿಸಿ, ಬ್ಯಾಂಕಿಗೊಂದು, ಸೊಸೈಟಿಗೊಂದು, ‘ಯಾವುದಕ್ಕೂ ಇರಲಿ’ ಎಂದು ಟ್ರಂಕಿಗೊಂದು ಜೆರಾಕ್ಸ್ ಮಾಡಿಸದೆ ನಿಮ್ಮ ರೈತನಿಗೆ ವಿಧಿಯಿಲ್ಲ.”

“ತಾವು ಗುಡುಗಿದೊಡನೆ ಕಚೇರಿಗಳಲ್ಲಿ ‘ಸರ್ವರ್ ಡೌನ್, ನಾಳೆ ಬನ್ನಿ’ ಎನ್ನುವರು. ಈ ಆರೋಪಕ್ಕೆ ತಮ್ಮ ಸಮಜಾಯಿಷಿ?”

ಮೋಡದ ಮುಖ ಕಪ್ಪಿಟ್ಟಿತು. “ಬಿಸಿಲು ಕಾಯುವ ದಿನವೂ ಹಾಗೆಯೇ ಅನ್ನುತ್ತಾರಲ್ಲ, ಆಗ ನಾನೆಲ್ಲಿರುತ್ತೇನೆ? ನಾನು ಬಿದ್ದರೆ ಗೊರೂರಿನ ಅಣೆಕಟ್ಟು ತುಂಬುತ್ತದೆ. ಆತ ಬಿದ್ದರೆ ಕಚೇರಿಯ ಬೆಂಚು ತುಂಬುತ್ತದೆ.”

ಚನ್ನರಾಯಪಟ್ಟಣದವರಿಗಾಗಿ ಏನಾದರೂ ಉಳಿಸಿಕೊಂಡಿರುವಿರಾ ಎಂದು ಕೇಳುವಷ್ಟರಲ್ಲಿ ದಪ್ಪ ಹನಿಗಳು ಉದುರತೊಡಗಿದವು. ಎದುರಿನ ಜೆರಾಕ್ಸ್ ಅಂಗಡಿಯಿಂದ ಇಳಿದ ವೃದ್ಧರೊಬ್ಬರು ಪಹಣಿಯನ್ನು ಪ್ಲಾಸ್ಟಿಕ್ ಕವರಿನೊಳಗಿಟ್ಟು, ಕವರನ್ನು ಅಂಗಿಯೊಳಕ್ಕೆ ಸೇರಿಸಿ, ಹೆಗಲಿನ ಟವೆಲನ್ನು ತಲೆಗೆ ಹಾಕಿಕೊಳ್ಳದೆ ಎದೆಗೆ ಹೊದ್ದು, ಬಸ್ ಸ್ಟ್ಯಾಂಡಿನ ಕಡೆಗೆ ಓಡಿದರು.