ಮುಂದಕ್ಕೆ ಹೋಗಪ್ಪ

ಮಾರ್ಚ್ ತಿಂಗಳು ಬಂತೆಂದರೆ ಇಡೀ ದೇಶದ ಕಷ್ಟ ನನ್ನ ಇನ್‌ಬಾಕ್ಸಿಗೆ ಬಂದು ಕೂರುತ್ತದೆ. ಹಸಿದ ಮಕ್ಕಳು, ದಿಕ್ಕಿಲ್ಲದ ಅಜ್ಜಿಯರು, ಕಾಲು ಮುರಿದ ಬೀದಿನಾಯಿ, ಬತ್ತಿದ ಕೆರೆ. ಕಷ್ಟವೇನೋ ವರ್ಷವಿಡೀ ಇರುತ್ತದೆ. ದೇಣಿಗೆ ಕೇಳುವ ಇಮೇಲ್ ಮಾತ್ರ ಮಾರ್ಚ್ 31ರ ಲೆಕ್ಕ ನೋಡಿಕೊಂಡು ಬರುತ್ತದೆ. ‘ಇನ್ನು ಆರೇ ಗಂಟೆ ಉಳಿದಿದೆ!’ ಎಂಬ ಕೆಂಪಕ್ಷರ ಕಂಡು, ಪಾಪ ಆ ಮಗುವಿಗೆ ಏನಾಗಿದೆಯೋ ಎಂದು ಗಾಬರಿಯಿಂದ ತೆರೆದೆ. ಆರು ಗಂಟೆ ಉಳಿದಿದ್ದದ್ದು ನನ್ನ 80ಜಿ ತೆರಿಗೆ ವಿನಾಯಿತಿಗೆ.

ಕೇಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಕೇಳದೆ ಯಾವ ಮಠ, ಯಾವ ಶಾಲೆ ಎದ್ದಿದೆ? ನಮ್ಮ ಬೀದಿಯ ಹುಡುಗರೂ ಗಣೇಶನ ಚಂದಾಕ್ಕೆ ರಸೀದಿ ಪುಸ್ತಕ ಹಿಡಿದು ಬರುತ್ತಾರೆ. ‘ಅಂಕಲ್, ಹೋದ್ ವರ್ಷ ಐನೂರು ಕೊಟ್ಟಿದ್ರಿ, ಈ ಸಲ ಗಣಪತಿ ದೊಡ್ಡದು.’ ಒಳಗಿನಿಂದ ನನ್ನ ಹೆಂಡತಿ, ‘ಅವರು ಮನೇಲಿಲ್ಲ ಅಂದ್ಬಿಡ್ರೀ’ ಎಂದು ನನಗೇ ಕೂಗಿ ಹೇಳುತ್ತಾಳೆ. ಹುಡುಗರು ನಗುತ್ತಾರೆ, ನಾನೂ ನಗುತ್ತೇನೆ, ಮುನ್ನೂರಕ್ಕೆ ಇತ್ಯರ್ಥ. ಬೇಡದಿದ್ದರೆ ‘ಮುಂದಕ್ಕೆ ಹೋಗ್ರಪ್ಪ’ ಎನ್ನಬಹುದು, ಗೊಣಗಿಕೊಂಡಾದರೂ ಹೋಗುತ್ತಾರೆ.

ಇಮೇಲಿಗೆ ‘ಮುಂದಕ್ಕೆ ಹೋಗಪ್ಪ’ ಎನ್ನಲು ಕೆಳಗೆ ಇರುವೆಗಾತ್ರದ ಅಕ್ಷರದಲ್ಲಿ ‘ಅನ್‌ಸಬ್‌ಸ್ಕ್ರೈಬ್’ ಇರುತ್ತದೆ. ಒತ್ತಿದರೆ ಇನ್ನೊಂದು ಪುಟ: ‘ನಮ್ಮನ್ನು ಯಾಕೆ ಬಿಟ್ಟು ಹೋಗುತ್ತಿದ್ದೀರಿ?’ ಪಕ್ಕದಲ್ಲಿ ಕಣ್ಣು ತುಂಬಿಕೊಂಡ ಮಗು. ಆ ಮಗುವಿನ ಎದುರಿಗೆ ‘ಆಸಕ್ತಿ ಇಲ್ಲ’ ಎಂಬುದಕ್ಕೆ ಟಿಕ್ ಹಾಕಲು ಕಟುಕನ ಎದೆ ಬೇಕು. ಉತ್ತರ ಬರೆಯೋಣವೆಂದರೆ ವಿಳಾಸವೇ ‘ನೋ-ರಿಪ್ಲೈ’. ಕೈಯೊಡ್ಡಿದವನು ಕಿವಿಗೆ ಹತ್ತಿ ಇಟ್ಟುಕೊಂಡು ಬಂದರೆ ಹೇಗೆ? ಫೋನ್ ಕರೆ, ಎಸ್ಸೆಮ್ಮೆಸ್ಸುಗಳ ಕಾಟಕ್ಕೆ 1909 ಎಂಬ ಡಿಎನ್‌ಡಿ ಸಂಖ್ಯೆಯಿದೆ. ಇಮೇಲಿಗೆ ಅದೂ ಇಲ್ಲ. ರಾಶಿ ರಾಶಿ ಪ್ರಚಾರದ ಇಮೇಲ್ ಕಳಿಸುವವರು ಒಂದೇ ಒತ್ತಿಗೆ ಬಿಡುಗಡೆ ಕೊಡಬೇಕೆಂದು 2024ರಲ್ಲಿ ನಿಯಮ ತಂದದ್ದು ಗೂಗಲ್ ಮತ್ತು ಯಾಹೂ. ದಾನಧರ್ಮದವರಿಗೆ ಮರ್ಯಾದೆ ಕಲಿಸಲು ವ್ಯಾಪಾರಿಗಳೇ ಬರಬೇಕಾಯಿತು ನೋಡಿ.

ನನ್ನ ನಿಜವಾದ ಸಿಟ್ಟು ಬೇರೆಯೇ. ಒಂದು ಸಂಸ್ಥೆಗೆ ಮಕ್ಕಳ ನೋಟ್‌ಬುಕ್ಕಿಗೆಂದು ಸ್ವಲ್ಪ ಹಣ ಕೊಟ್ಟೆ. ರಸೀದಿಗೆ ಬೇಕೆಂದು ಇಮೇಲ್, ಪ್ಯಾನ್ ಎರಡೂ ಪಡೆದರು. ಆಮೇಲೆ ನಾನು ಹೆಸರೂ ಕೇಳಿರದ ಗೋಶಾಲೆ, ವೃದ್ಧಾಶ್ರಮಗಳೆಲ್ಲ ನನ್ನನ್ನು ‘ಪ್ರಿಯ ಹಿತೈಷಿ’ ಎನ್ನತೊಡಗಿದವು. ಕೊಟ್ಟದ್ದು ಹಣ; ವಿಳಾಸವನ್ನೂ ಧಾರೆ ಎರೆದಿರಲಿಲ್ಲ. ಹಿಂದೆ ಬಡ ಹುಡುಗರು ವಾರಾನ್ನ ಉಂಡು ಓದುತ್ತಿದ್ದರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಸೋಮವಾರದ ಮನೆಯಲ್ಲಿ ಸಾರು ಚೆನ್ನಾಗಿದೆಯೆಂದು ಊರ ಹುಡುಗರನ್ನೆಲ್ಲ ಅಲ್ಲಿಗೆ ಅಟ್ಟುವ ಪದ್ಧತಿ ಇರಲಿಲ್ಲ. ಒಂದು ಕೆಲಸಕ್ಕೆಂದು ಕೊಟ್ಟ ವಿವರವನ್ನು ಆ ಕೆಲಸಕ್ಕೇ ಬಳಸಬೇಕೆಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು ಕೂಡ. ವಾರಾನ್ನದ ಹುಡುಗರಿಗೆ ಅದನ್ನು ಹೇಳಿಕೊಡಲು ಸಂಸತ್ತು ಬೇಕಿರಲಿಲ್ಲ.

ಆದ್ದರಿಂದ ಸೇವಾಸಂಸ್ಥೆಗಳ ಮಹನೀಯರೇ, ಕೇಳಿ, ಧಾರಾಳವಾಗಿ ಕೇಳಿ. ಬೇಡವೆಂದಾಗ ಮಾತ್ರ ಕೇಳಿಸಿಕೊಳ್ಳಿ. ಇನ್ನು ಮಾರ್ಚ್ 31ರ ರಾತ್ರಿ ನನಗಾಗಿ ನಿದ್ದೆಗೆಡಬೇಡಿ. ನಾನು ಹೊಸ ತೆರಿಗೆ ಪದ್ಧತಿಗೆ ಸೇರಿದವನು; ಅಲ್ಲಿ 80ಜಿ ವಿನಾಯಿತಿಯೇ ಇಲ್ಲ.