ತಪ್ಪಿದ ದಿನದ ಲೆಕ್ಕ

ಶಿರಾಳಕೊಪ್ಪದಿಂದ ಆನವಟ್ಟಿಗೆ ಬಸ್ಸಿನಲ್ಲಿ ಕೂತು ಬಂದಿದ್ದಕ್ಕೆ ಮೊನ್ನೆ ನನ್ನ ಫೋನು ನನಗೆ ಚಪ್ಪಾಳೆ ತಟ್ಟಿತು. ಹಿಂದಿನ ಸೀಟು, ಮಳೆಗಾಲ ಮುಗಿಸಿದ ರಸ್ತೆ. ಕುಲುಕಿದ್ದನ್ನೆಲ್ಲ ಅದು ಹೆಜ್ಜೆ ಎಂದು ಬರೆದುಕೊಂಡಿದೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಪರದೆಯ ತುಂಬ ಬಣ್ಣದ ಕಾಗದದ ಚೂರು ಉದುರಿ, ಇವತ್ತಿನ ಗುರಿ ಮುಟ್ಟಿದಿರಿ ಎಂದು ಅಭಿನಂದನೆ. ಮನೆಗೆ ಬಂದು ಹೇಳಿದರೆ ಇವಳು, "ಹಂಗಾದ್ರೆ ಆ ಡ್ರೈವರ್ರು ದಿನಾ ಎಷ್ಟು ನಡೀತಾರ್ರೀ?" ಅಂದಳು.

ಈ ಆ್ಯಪ್ ಹಾಕಿಕೊಟ್ಟವನು ಬೆಂಗಳೂರಿನಲ್ಲಿರುವ ಮಗ. ಯುಗಾದಿಗೆ ಬಂದವನು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ಏನೂ ಹೇಳದೆ ಫೋನು ಇಸಕೊಂಡ. ಬೆಳಗಿನ ನಡಿಗೆ, ಎಂಟು ಲೋಟ ನೀರು, ಹತ್ತು ಪುಟ ಓದು, ಹೊತ್ತಿಗೆ ಸರಿಯಾಗಿ ನಿದ್ದೆ: ಒಂದೊಂದಕ್ಕೂ ಒಂದು ಚೌಕ. ಮಾಡಿದರೆ ಹಸಿರು, ಬಿಟ್ಟರೆ ಕೆಂಪು. ಮೇಲ್ಗಡೆ ಬೆಂಕಿಯ ಚಿತ್ರ, ಅದರ ಪಕ್ಕ ಬಿಡದೆ ಮಾಡಿದ ದಿನಗಳ ಎಣಿಕೆ. ಇದಕ್ಕೆ ಸ್ಟ್ರೀಕ್ ಅನ್ನುತ್ತಾರಂತೆ. ಒಂದು ದಿನ ತಪ್ಪಿತೋ, ಅಷ್ಟೂ ದಿನದ ಪುಣ್ಯ ಸೊನ್ನೆ.

ಆ ಬೆಂಕಿಯನ್ನು ನಾನು ಪಕ್ಕದ ಮನೆಯವರ ಗಬ್ಬದ ಹಸು ಕಾದಂತೆ ಕಾದೆ. ರಾತ್ರಿ ಮಲಗುವ ಹೊತ್ತಿಗೆ ಮೂರು ಲೋಟ ನೀರು ಬಾಕಿ ಇದೆಯೆಂದು ಗೊತ್ತಾಗಿ, ನಿಂತಲ್ಲೇ ಕುಡಿದು ಚೌಕ ಹಸಿರು ಮಾಡುವುದು. ಆ ಮೂರು ಲೋಟ ನಡುರಾತ್ರಿ ಎಬ್ಬಿಸಿ ಹಿತ್ತಿಲಿಗೆ ಅಟ್ಟುವುದು. ಬೆಳಗ್ಗೆ ನೋಡಿದರೆ ನಿದ್ದೆಯ ಚೌಕ ಕೆಂಪು. ಈ ಎರಡು ಚೌಕಗಳಿಗೂ ಹುಟ್ಟಾ ವೈರವಿದೆ ಎಂಬುದು ಅವನ್ನು ಅಕ್ಕಪಕ್ಕ ಕೂರಿಸಿದ ಪುಣ್ಯಾತ್ಮನಿಗೆ ಹೊಳೆದಿಲ್ಲ. ಅವನಿಗಿನ್ನೂ ಅರವತ್ತು ದಾಟಿಲ್ಲ ಅಂತ ಕಾಣುತ್ತದೆ.

ಮಳೆಯ ವಿಷಯವೂ ಅಷ್ಟೇ. ಪುನರ್ವಸು ಮಳೆ ಹಿಡಿದರೆ ನಮ್ಮ ಕಡೆ ನಾಯಿ ಕೂಡ ಜಗುಲಿ ಇಳಿಯುವುದಿಲ್ಲ. ಅಂಥ ಬೆಳಗ್ಗೆ ಐದೂವರೆಗೆ, ಏಳಿ, ಹೊಸ ದಿನ ಕಾಯುತ್ತಿದೆ ಎನ್ನುತ್ತದೆ ಫೋನು. ಕಾಯಲಿ ಬಿಡಿ. ಬಿಸಿಲು ಬಿದ್ದ ದಿನ ಕುಬಟೂರಿನ ಕಡೆ ಹೋಗುವುದುಂಟು. ಅಲ್ಲಿನ ಕೈಟಭೇಶ್ವರ ಗುಡಿ 1100ರ ಸುಮಾರಿನದು. ಮಂಟಪದ ಕಡೆದ ಕಂಬಗಳ ನುಣುಪಿಗೆ ಕೈಯಾಡಿಸದೆ ವಾಪಸು ಬರಲು ನನ್ನಿಂದಂತೂ ಆಗುವುದಿಲ್ಲ. ನಿಂತು ಎರಡು ನಿಮಿಷ ಆಗಿರುವುದಿಲ್ಲ, ಜೇಬು ನಡುಗುತ್ತದೆ: ನಡಿಗೆ ನಿಲ್ಲಿಸಿದಿರಾ? ಒಂಬೈನೂರು ವರ್ಷ ನಿಂತೇ ಇರುವ ಕಂಬದೆದುರು ನಿಲ್ಲುವುದಕ್ಕೂ ಅಪ್ಪಣೆ ಬೇಕೇ ಮಾರಾಯರೆ? ಅದರ ಗುರಿಯೋ ಹತ್ತು ಸಾವಿರ ಹೆಜ್ಜೆ. ಯಾವ ಡಾಕ್ಟರು ಹೇಳಿದ್ದು ಅಂತ ಹುಡುಕಿದರೆ ಡಾಕ್ಟರೇ ಅಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹಿಡಿದ ಸಂಖ್ಯೆ.

ಚೌಕದ ಹುಚ್ಚು ಫೋನಿನಿಂದ ಶುರುವಾದದ್ದಲ್ಲ ಅನ್ನಿ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹದಿನೆಂಟನೆಯ ಶತಮಾನದಲ್ಲೇ ಹದಿಮೂರು ಸದ್ಗುಣಗಳ ಪಟ್ಟಿ ಮಾಡಿ, ವಾರಕ್ಕೆ ಏಳು ಮನೆ ಗೆರೆ ಎಳೆದು, ತಪ್ಪಿದಾಗೆಲ್ಲ ಒಂದು ಕಪ್ಪು ಚುಕ್ಕೆ ಇಡುತ್ತಿದ್ದ. ಚುಕ್ಕೆ ಕೆರೆದು ಕೆರೆದು ಪುಸ್ತಕ ತೂತಾಗಿ, ಕೊನೆಗೆ ಒರೆಸಲು ಬರುವ ದಂತದ ಹಾಳೆಗಳಿಗೆ ಬದಲಾಯಿಸಿಕೊಂಡನಂತೆ. ಅವನಿಗೆ ಅತಿ ಹೆಚ್ಚು ಕಾಟ ಕೊಟ್ಟದ್ದು ಅಚ್ಚುಕಟ್ಟುತನ. ನನ್ನ ಮೇಜು ನೋಡಿದವರು ನಮ್ಮಿಬ್ಬರ ನಂಟನ್ನು ಒಪ್ಪುತ್ತಾರೆ. ಈಗಿನವರು ಇನ್ನೂ ಮುಂದೆ ಹೋಗಿದ್ದಾರೆ. ಹ್ಯಾಬಿಟಿಕಾ ಎಂಬುದೊಂದಿದೆ, ಅಭ್ಯಾಸವೇ ಅಲ್ಲಿ ಆಟ. ಗುಂಪು ಕಟ್ಟಿಕೊಂಡು ರಾಕ್ಷಸನ ಮೇಲೆ ಯುದ್ಧಕ್ಕೆ ಹೋದಾಗ ಒಬ್ಬ ತನ್ನ ದಿನದ ಕೆಲಸ ತಪ್ಪಿಸಿದರೆ ಏಟು ಗುಂಪಿನವರಿಗೆಲ್ಲ ಬೀಳುತ್ತದೆ. ನಾನು ಆನವಟ್ಟಿಯಲ್ಲಿ ನೀರು ಕುಡಿಯದಿದ್ದರೆ ಬೆಂಗಳೂರಿನಲ್ಲಿ ಮಗನಿಗೆ ಪೆಟ್ಟು. ಈ ಏರ್ಪಾಡು ನನಗೆ ಪೂರ್ತಿ ಬೇಸರವೇನಲ್ಲ.

ಇವಳಿಗೆ ಆ್ಯಪ್ ಇಲ್ಲ. ಅಡುಗೆಮನೆ ಬಾಗಿಲ ಹಿಂದೆ ಕ್ಯಾಲೆಂಡರಿದೆ, ಅದರ ಮೊಳೆಗೆ ದಾರ ಕಟ್ಟಿದ ಪೆನ್ನು. ಹಾಲು ಬಾರದ ದಿನಕ್ಕೆ ಒಂದು ಸೊನ್ನೆ, ಹೆಚ್ಚು ತಗೊಂಡ ದಿನ ಒಂದು ಗೀಟು, ಸಿಲಿಂಡರ್ ಬಂದ ದಿನ 'ಗ್ಯಾ'. ಎಂದಿನಂತೆ ನಡೆದ ದಿನಕ್ಕೆ ಏನೂ ಇಲ್ಲ. ತಿಂಗಳ ಕೊನೆಗೆ ಸೊನ್ನೆ ಕಳೆದು ಗೀಟು ಕೂಡಿಸಿದರೆ ಲೆಕ್ಕ ಮುಗಿಯಿತು. ಒಂದು ದಿನ ಹಾಲು ಬರಲಿಲ್ಲವೆಂದು ಕ್ಯಾಲೆಂಡರು ಜನವರಿಯಿಂದ ಮತ್ತೆ ಶುರುಮಾಡು ಅನ್ನುವುದಿಲ್ಲ. ಹದಿನಾರು ಸೋಮವಾರದ ವ್ರತ ಹಿಡಿದಾಗಲೂ ಹಾಗೇ. ನಡುವೆ ಸೂತಕ ಬಂತು, ಆ ವಾರ ಬಿಟ್ಟಳು, ಮುಂದಿನ ಸೋಮವಾರ ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಹಿಡಿದಳು. ಶಿವ ಎಣಿಕೆಯನ್ನು ಸೊನ್ನೆ ಮಾಡಲಿಲ್ಲ. ಡ್ಯುಯೊಲಿಂಗೊ ಎಂಬ ಭಾಷೆ ಕಲಿಸುವ ಆ್ಯಪಿನಲ್ಲೂ ತಪ್ಪಿದ ದಿನಕ್ಕೊಂದು ಮಾಫಿ ಇದೆ. ಆಟದಲ್ಲಿ ಗಳಿಸಿದ ಹರಳು ಕೊಟ್ಟು ಅದನ್ನು ಮೊದಲೇ ಕೊಂಡಿಟ್ಟುಕೊಳ್ಳಬಹುದು. ಪ್ರಾಯಶ್ಚಿತ್ತಕ್ಕೆ ಮುಂಗಡ ದಕ್ಷಿಣೆ.

ಮಗನಿಗೆ ಇದನ್ನೆಲ್ಲ ಹೇಳಿದೆ. ಆ್ಯಪ್ ಬಳಸುವವರಿಗೆ ಕಿರಿಕಿರಿಯಾಗದಂತೆ ನೋಡಿಕೊಳ್ಳುವುದೇ ಅವನ ನೌಕರಿ. "ಅಪ್ಪ, ತಪ್ಪಿಸಿದ್ರೆ ಬೇಜಾರಾಗ್ಲಿ ಅಂತಾನೇ ಹಾಗೆ ಮಾಡಿರ್ತಾರೆ," ಅಂದ. ನಿಜ, ನನಗೂ ಬೇಜಾರಾಯಿತು. ಎಣಿಕೆ ಸೊನ್ನೆಗೆ ಬಿದ್ದ ಮಾರನೆಯ ದಿನ ಹೇಗೂ ಹೋಯಿತಲ್ಲ ಎಂದು ಹೊದ್ದು ಮಲಗಿದೆ, ಅದರ ಮಾರನೆಯ ದಿನವೂ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಗಿದೆ. ಅಭ್ಯಾಸ ಮೈಗೂಡಲು ಒಬ್ಬರಿಗೆ 18 ದಿನವಾದರೆ ಇನ್ನೊಬ್ಬರಿಗೆ 254, ನಡುಮಟ್ಟಕ್ಕೆ 66. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನಿಲ್ಲ ಎಂದೂ ಅವರೇ ಕಂಡುಕೊಂಡಿದ್ದಾರೆ. ಲೂಪ್ ಎಂಬ ಬಿಟ್ಟಿ ಆ್ಯಪ್ ಈ ಮಾತು ಕೇಳಿದಂತಿದೆ. ತಪ್ಪಿದರೆ ಅಂಕ ತುಸು ಇಳಿಯುತ್ತದೆಯೇ ಹೊರತು ಬುಡಮೇಲಾಗುವುದಿಲ್ಲ. ಇವತ್ತು ಲೆಕ್ಕಕ್ಕಿಲ್ಲ ಎಂದು ಗುರುತು ಹಾಕಲೂ ಬರುತ್ತದೆ. ನಾನೀಗ ಅದಕ್ಕೆ ಬದಲಾಗಿದ್ದೇನೆ.

ಆ್ಯಪ್ ಮಾಡುವ ಹುಡುಗ ಹುಡುಗಿಯರೇ, ನಿಮ್ಮಲ್ಲಿ ಯಾರಾದರೂ ಸೊರಬ ಸೀಮೆಯವರಿದ್ದರೆ ಒಂದು ಉಪಕಾರ ಮಾಡಿ. ಮಳೆ, ಮದುವೆ, ಕೊಯ್ಲು, ನೆಂಟರು ಎಂದು ನಾಲ್ಕು ಗುಂಡಿ ಇಡಿ. ಒತ್ತಿದರೆ ಆ ದಿನ ಫೋನು ಬಾಯಿ ಮುಚ್ಚಿಕೊಂಡಿರಬೇಕು. ನೆಂಟರ ಗುಂಡಿ ಮಾತ್ರ ಸ್ವಲ್ಪ ದೊಡ್ಡದಾಗಿರಲಿ.