ಬೋನಿನ ಮರಿಗೆ ರಾತ್ರಿ ಪಾಳಿ

ಕೊಳ್ಳೇಗಾಲ ಸೀಮೆಯ ಸತ್ತೇಗಾಲದ ಕಡೆ ಕಬ್ಬಿಣದ ಬೋನು ಬಂದಿಳಿದರೆ ಯಾಕೆಂದು ಯಾರೂ ಕೇಳುವುದಿಲ್ಲ. ಕಬ್ಬಿನ ಗದ್ದೆಯಲ್ಲಿ ಚಿರತೆ ಸುಳಿದಿದೆ, ಅರಣ್ಯ ಇಲಾಖೆಯವರು ಬಂದಿದ್ದಾರೆ, ಇನ್ನು ಕತ್ತಲಾದ ಮೇಲೆ ನೀರು ಕಟ್ಟಲು ಒಬ್ಬರೇ ಹೋಗುವ ಹಾಗಿಲ್ಲ. ಬೋನಿಗೆ ಎರಡು ಕೋಣೆ. ಮುಂದಿನದು ಚಿರತೆಗೆ, ಹಿಂದಿನದು ಚಿರತೆಯನ್ನು ಕರೆಯುವ ನಾಯಿಗೋ ಮೇಕೆಗೋ. ನಡುವೆ ಸರಳುಗಳಿರುವುದರಿಂದ ಹಿಂದಿನ ಕೋಣೆಯವರಿಗೆ ಪ್ರಾಣಭಯವಿಲ್ಲ. ಈ ಮಾತನ್ನು ನಾಯಿ ಮಾತ್ರ ನಂಬದೆ ಬೆಳಗಿನ ತನಕ ಊಳಿಡುತ್ತದೆ. ಕಾವೇರಿ ಎರಡಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಬೀಳುವುದು ಇಲ್ಲೇ ಪಕ್ಕದಲ್ಲಿ, ಕಾಡೂ ದೂರವಿಲ್ಲ. ಚಿರತೆಗೆ ನಾಯಿಯ ಮೇಲಿರುವ ಪ್ರೀತಿಗೆ ಲೆಕ್ಕವೂ ಉಂಟು: ಮಹಾರಾಷ್ಟ್ರದ ಅಕೋಲೆ ಸೀಮೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಗಳ ಹಿಕ್ಕೆ ಪರೀಕ್ಷಿಸಿದಾಗ, ಅವು ತಿಂದ ಮಾಂಸದ ತೂಕದಲ್ಲಿ ಶೇ. 39 ನಾಯಿಯದೇ ಎಂದು ತಿಳಿದುಬಂತು.

ಇಂಥ ಊರಿನ ಅಜ್ಜಿಯೊಬ್ಬರು ನವೆಂಬರ್ ತಿಂಗಳಲ್ಲಿ ಆರು ತಿಂಗಳ ಮಟ್ಟಿಗೆ ನ್ಯೂಜೆರ್ಸಿಯ ಮಗನ ಮನೆಗೆ ಬಂದಿಳಿದರು ಎಂದಿಟ್ಟುಕೊಳ್ಳಿ. ಹೊರನಾಡಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ, ಹೆಸರು ಬೇಡ. ಹೊಸಿಲು ದಾಟಿ ಒಳಗೆ ಕಾಲಿಟ್ಟ ಅಜ್ಜಿಗೆ ಮೊದಲು ಕಂಡಿದ್ದು ಹಜಾರದ ಮೂಲೆಯ ಕಪ್ಪು ತಂತಿಯ ಬೋನು, ಅದರೊಳಗೆ ಊಳಿಡುತ್ತಿದ್ದ ಎಂಟು ವಾರದ ಕರಿ ಲ್ಯಾಬ್ರಡಾರ್ ಮರಿ.

ಅಜ್ಜಿ ಚೀಲ ಕೆಳಗಿಡಲಿಲ್ಲ. ‘ಇಲ್ಗೂ ಬಂದ್ಬುಟ್ಟದ್ಲಾ ಚಿರ್ತೆ?’ ಎಂದರು.

ಚಿರತೆ ಬಂದಿರಲಿಲ್ಲ. ಬಂದದ್ದು ಸಿನಿಮಾ. 2022ರಲ್ಲಿ ತೆರೆಕಂಡ ‘777 ಚಾರ್ಲಿ’ ನೋಡಿ ಅತ್ತ ಮೊಮ್ಮಗಳು ಅಂದಿನಿಂದ ಲ್ಯಾಬ್ರಡಾರ್ ಬೇಕೆಂದು ಹಿಡಿದ ಹಟ ಬಿಟ್ಟಿರಲಿಲ್ಲ. ಸಿನಿಮಾದ ನಾಯಿ ಚೇಷ್ಟೆ ಮಾಡುತ್ತದೆ, ಅಳಿಸುತ್ತದೆ, ಹಿಮ ನೋಡಲು ಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಅದನ್ನು ಹಿಮದಲ್ಲಿ ಉಚ್ಚೆಗೆ ನಿಲ್ಲಿಸುವವರು ಯಾರು ಎಂಬುದನ್ನು ಯಾವ ನಿರ್ದೇಶಕನೂ ತೋರಿಸುವುದಿಲ್ಲ. ಮರಿಗೆ ಕಾಳಿ ಎಂದು ಹೆಸರಿಟ್ಟವನು ಮಗ. ಅದಕ್ಕೆ ಅವನಲ್ಲಿ ಶಾಸನದ ಆಧಾರವಿತ್ತು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ಕಲ್ಲಿನಲ್ಲಿ ಕಾಳಿ ಎಂಬ ಬೇಟೆನಾಯಿಯ ಕಥೆಯಿದೆ. ಗಂಗರ ಬೂತುಗನಿಂದ ಮಣಲೇರ ಕೇಳಿ ಪಡೆದ ನಾಯಿ ಅದು. ದೊಡ್ಡ ಹಂದಿಯೊಂದಿಗೆ ಸೆಣಸಿ ಎರಡೂ ಸತ್ತವು. ನಾಯಿಗೆ ಕಲ್ಲು ನೆಟ್ಟು, ಭೂಮಿ ಬಿಟ್ಟು, ಆ ಭೂಮಿ ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಣ್ಣುವಂತಿಲ್ಲ ಎಂದು ಬರೆಸಿದ್ದಾರೆ. ನ್ಯೂಜೆರ್ಸಿಯ ಕಾಳಿ ಹಂದಿಯ ತಂಟೆಗೆ ಹೋಗುವ ಪೈಕಿಯಲ್ಲ. ತೊಳೆಯುವ ಯಂತ್ರ ತಿರುಗಿದರೆ ಸೋಫಾದಡಿ ನುಗ್ಗುತ್ತಿತ್ತು.

ಬೋನಿನ ಹಿಂದೆ ಒಂದು ತರ್ಕವಿದೆ, ಮಗ ಅದನ್ನು ಅಜ್ಜಿಗೆ ಮುದ್ದೆ ಮುಂದಿಟ್ಟುಕೊಂಡು ವಿವರಿಸಿದ. ಹುಟ್ಟಿದ ಮರಿಗೆ ತಾನಾಗಿ ಉಚ್ಚೆ ಹೊಯ್ಯಲೂ ಬರುವುದಿಲ್ಲ. ಸುಮಾರು ಮೂರು ವಾರದ ತನಕ ತಾಯಿ ನೆಕ್ಕಿ ಮಾಡಿಸುತ್ತದೆ, ತಾನೇ ಶುಚಿ ಮಾಡುತ್ತದೆ. ಆಮೇಲೆ ಮರಿಗಳು ಮಲಗುವ ಜಾಗ ಬಿಟ್ಟು ತೆವಳಿಕೊಂಡು ದೂರ ಹೋಗಿ ಕೆಲಸ ಮುಗಿಸುವುದನ್ನು ಕಲಿಯುತ್ತವೆ. ಮಲಗಿದಲ್ಲೇ ಹೊಲಸು ಮಾಡಬಾರದೆಂಬ ಆ ಹುಟ್ಟುಗುಣವನ್ನೇ ಬೋನು ಬಳಸಿಕೊಳ್ಳುತ್ತದೆ. ಅದಕ್ಕೇ ಅದು ಮರಿ ಎದ್ದು ನಿಲ್ಲುವಷ್ಟು, ತಿರುಗುವಷ್ಟು, ಕಾಲು ಚಾಚುವಷ್ಟು ಮಾತ್ರ ಇರಬೇಕು. ಮುಂದೆ ಬೆಳೆಯುತ್ತದಲ್ಲ ಎಂದು ದೊಡ್ಡದು ತಂದರೆ ಮರಿ ಅದನ್ನು ಎರಡು ಭಾಗ ಮಾಡಿಕೊಳ್ಳುತ್ತದೆ: ಇತ್ತ ಹಾಸಿಗೆ, ಅತ್ತ ಬಚ್ಚಲು. ಮಗ ದೊಡ್ಡದನ್ನೇ ತಂದಿದ್ದ. ಮೂರು ವರ್ಷದ ಮಗುವಿಗೆ ಐದು ವರ್ಷದ ಅಂಗಿ ಹೊಲಿಸುವ ಕೊಳ್ಳೇಗಾಲದ ಬುದ್ಧಿ ಅಟ್ಲಾಂಟಿಕ್ ದಾಟಿದರೂ ಹೋಗುವುದಿಲ್ಲ. ಕೊನೆಗೆ ನಡುವೆ ಒಂದು ತಡಿಕೆ ಸಿಕ್ಕಿಸಬೇಕಾಯಿತು.

‘ನಾಯ್ನ ಬೋನ್ಗಾಕದು ಅಪ್ರಾದ ಕಣ್ಲಾ’ ಎಂದರು ಅಜ್ಜಿ. ಅವರ ಪಕ್ಷಕ್ಕೆ ಸ್ವೀಡನ್ ಸರ್ಕಾರವಿದೆಯೆಂಬುದು ಪಾಪ ಅವರಿಗೆ ಗೊತ್ತಿರಲಿಲ್ಲ. ಅಲ್ಲಿ ಮನೆಯೊಳಗೆ ನಾಯಿಯನ್ನು ಬೋನಿನಲ್ಲಿ ಕೂಡಿಡುವುದಕ್ಕೆ ಕಾನೂನೇ ಅಡ್ಡ ಬರುತ್ತದೆ. ಅಮೆರಿಕದಲ್ಲಿ ಅದೇ ಬೋನು ಒಳ್ಳೆಯ ಸಂಸಾರದ ಲಕ್ಷಣ.

ಎಂಟು ವಾರದ ಮರಿಗೆ ತಡೆದುಕೊಳ್ಳುವ ಶಕ್ತಿ ಎಷ್ಟು? ನಾಯಿ ಸಾಕುವವರ ಬಾಯಿಲೆಕ್ಕವೊಂದಿದೆ: ಮರಿಗೆ ಎಷ್ಟು ತಿಂಗಳೋ ಅಷ್ಟು ಗಂಟೆ, ಮೇಲೊಂದು ಗಂಟೆ. ಎರಡು ತಿಂಗಳ ಕಾಳಿಗೆ ಮೂರು ಗಂಟೆ. ಹನ್ನೊಂದಕ್ಕೆ ಮಲಗಿಸಿದರೆ ಎರಡಕ್ಕೊಮ್ಮೆ, ಐದಕ್ಕೊಮ್ಮೆ. ಮಗ ಸಾಫ್ಟ್‌ವೇರಿನವನು, ಕಂಪನಿಯಲ್ಲಿ ಸರ್ವರ್ ಕಾಯುವ ಪಾಳಿಯ ಹಾಗೆಯೇ ಮನೆಗೂ ಎಕ್ಸೆಲ್ ಪಟ್ಟಿ ಮಾಡಿದ. ಸೋಮ, ಬುಧ, ಶುಕ್ರ ಅವನದು, ಮಂಗಳ, ಗುರು ಸೊಸೆಯದು, ವಾರಾಂತ್ಯ ಮೊಮ್ಮಗಳದು. ಮೊಮ್ಮಗಳ ಪಾಳಿ ಪಟ್ಟಿಯಲ್ಲಿ ಮಾತ್ರ ಇತ್ತು.

ಆದರೆ ಎರಡು ಗಂಟೆಗೆ ಎದ್ದು ಕೂತಿದ್ದವರು ಪಟ್ಟಿಯಲ್ಲೇ ಇಲ್ಲದ ಅಜ್ಜಿ. ನ್ಯೂಜೆರ್ಸಿಯಲ್ಲಿ ರಾತ್ರಿ ಎರಡಾದರೆ ಚಳಿಗಾಲದಲ್ಲಿ ಸತ್ತೇಗಾಲದಲ್ಲಿ ಮಧ್ಯಾಹ್ನ ಹನ್ನೆರಡೂವರೆ, ಮುದ್ದೆಗೆ ಎಸರಿಡುವ ಹೊತ್ತು. ಅಜ್ಜಿಯ ಹೊಟ್ಟೆ ಇನ್ನೂ ಊರಿನ ಗಡಿಯಾರದಲ್ಲೇ ಓಡುತ್ತಿತ್ತು. ಅದರ ಮೇಲೆ ಬಿಪಿ ಮಾತ್ರೆ. ರಾತ್ರಿ ಅವರೂ ಏಳಲೇಬೇಕು. ಇನ್ನು ನಿದ್ದೆಗೆಡುವುದು ಅವರಿಗೆ ಹೊಸದೇ? ಕೊಳ್ಳೇಗಾಲದ ಸೀಮೆಯಲ್ಲಿ ರೇಷ್ಮೆ ಹುಳು ಸಾಕಿದ ಹೆಂಗಸರಿಗೆ ರಾತ್ರಿ ಎಂಬುದು ಮಲಗುವುದಕ್ಕೇ ಮೀಸಲಾದ ಹೊತ್ತಲ್ಲ. ಪೊರೆ ಕಳಚುವ ನಾಲ್ಕನೇ ಜ್ವರ ಬಿಟ್ಟ ಹುಳು ವಾರವಿಡೀ ತಿನ್ನುವ ಸೊಪ್ಪು, ಅದುವರೆಗೆ ತಿಂದದ್ದೆಲ್ಲಾ ಸೇರಿದರೂ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆ ವಾರ ಮನೆಯಲ್ಲಿ ಯಾರ ಮದುವೆಯಿದ್ದರೂ ಹುಳುವಿನ ಊಟವೇ ಮೊದಲು. ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರುವ ತನಕ ತಟ್ಟೆಗಳ ನಡುವೆ ದೀಪ ಹಿಡಿದು ಓಡಾಡಿದ ಹೆಂಗಸಿಗೆ ಒಂದು ನಾಯಿಮರಿ ಯಾವ ಲೆಕ್ಕ?

ಮೊದಲ ವಾರ ಬೋನು ಹಜಾರದಲ್ಲೇ ಇತ್ತು, ಮರಿ ಊಳಿಡುತ್ತಲೇ ಇತ್ತು. ಅದನ್ನು ಮಲಗುವ ಕೋಣೆಗೆ ಸಾಗಿಸಿದ್ದು ಒಂದು ಪುಸ್ತಕ. ನ್ಯೂಯಾರ್ಕ್ ರಾಜ್ಯದ ಕೇಂಬ್ರಿಡ್ಜ್ ಬಳಿ ನ್ಯೂ ಸ್ಕೀಟ್ ಎಂಬ ಕ್ರೈಸ್ತ ಮಠವಿದೆ. ಅಲ್ಲಿಯ ಸನ್ಯಾಸಿಗಳು ದಶಕಗಳಿಂದ ಜರ್ಮನ್ ಶೆಫರ್ಡ್ ನಾಯಿ ಸಾಕುತ್ತಾರೆ. 1991ರಲ್ಲಿ ‘ದಿ ಆರ್ಟ್ ಆಫ್ ರೈಸಿಂಗ್ ಎ ಪಪ್ಪಿ’ ಎಂಬ ಪುಸ್ತಕ ತಂದರು. ಒಡಹುಟ್ಟಿದವರ ಗುಂಪಿನಲ್ಲಿ ಮಲಗಿ ಅಭ್ಯಾಸವಾದ ಮರಿಯನ್ನು ಒಂಟಿ ಮಾಡಬೇಡಿ, ನೀವು ಮಲಗುವ ಕೋಣೆಯಲ್ಲೇ ಮಲಗಿಸಿ ಎಂಬುದು ಅವರ ಉಪದೇಶ. ಸಾಲೂರು ಮಠದ ಭಕ್ತೆಯಾದ ಅಜ್ಜಿ ಇದನ್ನು ಕೇಳಿ, ‘ಸ್ವಾಮ್ಗೊಳು ಹೇಳವ್ರೆ ಅಂದ್ಮೇಲೆ ಮುಗೀತು ಬುಡು’ ಎಂದು ಬೋನನ್ನು ತಮ್ಮ ಮಂಚದ ಪಕ್ಕಕ್ಕೆ ಎಳೆಸಿಕೊಂಡರು. ಅಂದಿನಿಂದ ಊಳು ನಿಂತಿತು. ಮರಿ ಕುಂಯ್ ಎಂದರೆ ಸರಳಿನ ಸಂದಿಯಲ್ಲಿ ಒಂದು ಬೆರಳು. ಅಷ್ಟರಲ್ಲೇ ಅದಕ್ಕೆ ಸಮಾಧಾನ.

ಉಚ್ಚೆ ಮಾತ್ರ ನಿಲ್ಲಲಿಲ್ಲ.

ಪುಸ್ತಕದಲ್ಲಿದ್ದದ್ದನ್ನೆಲ್ಲ ಮಾಡಿದ್ದರು. ರಾತ್ರಿಯೂಟ ಏಳರೊಳಗೆ, ನೀರಿನ ಬಟ್ಟಲು ಒಂಬತ್ತಕ್ಕೆ ಎತ್ತಿಡುವುದು, ಹನ್ನೊಂದಕ್ಕೆ ಕೊನೆಯ ಬಾರಿ ಹೊರಗೆ. ಆದರೂ ಬೆಳಗ್ಗೆ ಹಾಸಿಗೆ ಒದ್ದೆ, ಕೆಲವು ದಿನ ಇನ್ನೂ ಭೀಕರ. ಸೊಸೆಗೆ ಅನುಮಾನ ಬಂದು ಹತ್ತು ಗಂಟೆಗೆ ಅಡುಗೆಮನೆಯಲ್ಲಿ ಇಣುಕಿದರೆ, ಅಜ್ಜಿ ಕಾಳಿಯ ಮುಂದೆ ಬೆಳ್ಳಿ ಬಟ್ಟಲಲ್ಲಿ ಹಾಲನ್ನ ಹಿಡಿದು ಕೂತಿದ್ದರು. ಹಸಿದ ಹೊಟ್ಟೆಯಲ್ಲಿ ಮಗುವನ್ನು ಮಲಗಿಸಬಾರದು ಎಂಬುದು ಅವರ ಸಿದ್ಧಾಂತ. ತಾಯಿಹಾಲು ಬಿಟ್ಟ ನಾಯಿಗಳಲ್ಲಿ ಹಾಲಿನ ಸಕ್ಕರೆ ಕರಗಿಸುವ ಶಕ್ತಿ ಇಳಿಯುತ್ತ ಹೋಗುತ್ತದೆ. ಮಲಗುವ ಮೊದಲು ಹಾಲು ಕುಡಿಸುವುದೆಂದರೆ ಅಪಘಾತಕ್ಕೆ ಮುಹೂರ್ತ ಇಟ್ಟುಕೊಟ್ಟಂತೆಯೇ. ಬಟ್ಟಲು ಕಸಿದುಕೊಂಡಾಗ ಅಜ್ಜಿ ಮೂರು ಹೊತ್ತು ಮಾತು ಬಿಟ್ಟರು. ಪುಣ್ಯಕ್ಕೆ ಅಂದು ಪಾಯಸ ಇರಲಿಲ್ಲ. ಅದರೊಳಗಿನ ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು, ಸಾರಿನ ಈರುಳ್ಳಿ ರಕ್ತವನ್ನು. ನಮ್ಮ ಹಬ್ಬದೂಟದ ಎಲೆಯಲ್ಲಿ ನಾಯಿಗೆ ಧೈರ್ಯವಾಗಿ ಕೊಡಬಹುದಾದದ್ದು ಬರಿಯ ಅನ್ನ ಮಾತ್ರವೇನೋ.

ಒದ್ದೆಯಾದ ಜಾಗದ ವಾಸನೆ ಇನ್ನೊಂದು ರಗಳೆ. ಅಮೋನಿಯಾ ಇರುವ ದ್ರಾವಣದಿಂದ ಒರೆಸಿದರೆ ನಾಯಿಯ ಮೂಗಿಗೆ ಅದೂ ಮೂತ್ರದ ಜಾತಿಯೇ; ‘ಇಲ್ಲೇ’ ಎಂದು ಬೋರ್ಡು ಹಾಕಿದ ಹಾಗೆ. ಕಿಣ್ವ ಬೆರೆತ ದ್ರಾವಣ ಬೇಕು. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಗೋಮೂತ್ರದ ಶೀಶೆಯನ್ನು ಹೊರಡುವ ಮೊದಲೇ ಊರಿನಲ್ಲಿರುವ ಮೊಮ್ಮಗ ತೆಗೆದಿಟ್ಟಿದ್ದ. ಅದು ಬಂದಿದ್ದರೆ, ಶುದ್ಧಿಗೆಂದು ಹನಿಸಿದ ಮೂಲೆಮೂಲೆಯಲ್ಲೂ ಕಾಳಿ ಭಕ್ತಿಯಿಂದ ತನ್ನ ಪಾಲನ್ನೂ ಸೇರಿಸುತ್ತಿತ್ತು.

ಹಾಲನ್ನ ನಿಂತ ಮೇಲೆ ರಾತ್ರಿ ಪಾಳಿಯನ್ನು ಅಜ್ಜಿ ಪೂರ್ತಿ ವಹಿಸಿಕೊಂಡರು. ಸೀರೆಯ ಮೇಲೆ ಮಗನ ದಪ್ಪ ಜಾಕೆಟ್, ತಲೆಗೆ ಮಫ್ಲರ್, ಕಾಲಿಗೆ ಸೊಸೆಯ ಬೂಟು. ಮರಿ ಅಳುವ ತನಕ ಕಾಯದೆ, ಅಳುವ ಮೊದಲೇ ಎಬ್ಬಿಸಿ ಹಗ್ಗ ಹಿಡಿದು ಅದೇ ಮೇಪಲ್ ಮರದ ಬುಡಕ್ಕೆ. ದೀಪ ಹಾಕುವಂತಿಲ್ಲ, ಆಡಿಸುವಂತಿಲ್ಲ, ಮಾತಿಲ್ಲ. ಕೆಲಸ ಮುಗಿದರೆ ಒಂದು ಚೂರು ತಿನಿಸು, ವಾಪಸ್ ಬೋನಿಗೆ. ಇವೆಲ್ಲ ಪುಸ್ತಕದ ನಿಯಮಗಳು. ಅಜ್ಜಿ ಸೇರಿಸಿದ್ದು ಒಂದೇ: ಮರಿ ಕುಕ್ಕುರುಗೂರುವ ಹೊತ್ತಿಗೆ ‘ಶ್ಶ್ಶ್ಶ್’ ಎಂದು ಸಣ್ಣ ಸದ್ದು. ಕನ್ನಡನಾಡಿನ ಅಜ್ಜಿಯರು ಕೂಸುಗಳನ್ನು ಪಾದಗಳ ಮೇಲೆ ಕೂರಿಸಿಕೊಂಡು ಹೊರಡಿಸುವ ಸದ್ದೇ ಇದು. ನಾಯಿ ತರಬೇತಿಯವರೂ ಕೆಲಸ ನಡೆಯುವಾಗ ಒಂದೇ ಪದ ಹೇಳುತ್ತಿರಿ, ಆಮೇಲೆ ಪದ ಕೇಳಿದೊಡನೆ ಕೆಲಸ ನಡೆಯುತ್ತದೆ ಎನ್ನುತ್ತಾರೆ. ಪಾವ್ಲೋವ್ ಇದಕ್ಕೆ ರಷ್ಯಾದಲ್ಲಿ ಪ್ರಯೋಗಾಲಯವನ್ನೇ ಇಟ್ಟುಕೊಂಡಿದ್ದ.

ನಿಯಮಗಳಲ್ಲಿ ಅಜ್ಜಿ ಒಪ್ಪದ್ದು ಪ್ಲಾಸ್ಟಿಕ್ ಚೀಲ. ನಾಯಿಯ ಹೇಲನ್ನು ಒಡೆಯನೇ ಎತ್ತಬೇಕೆಂದು ನ್ಯೂಯಾರ್ಕಿನಲ್ಲಿ 1978ರ ಆಗಸ್ಟ್‌ನಲ್ಲಿ ಕಾನೂನು ಜಾರಿಗೆ ಬಂದಾಗ ಆ ಊರಿನವರೇ ಗಲಾಟೆ ಮಾಡಿದ್ದರು. ಈಗ ದೇಶದ ಬಹಳ ಕಡೆ ಅದು ರೂಢಿ. ‘ನಾಯ್ ಹಿಂದ್ಗುಟ್ಟೆ ಚೀಲ ಹಿಡ್ಕಂಡ್ ಹೋಗಾಕೆ ಇಷ್ಟ್ ದೂರ ಬಂದು ದುಡಿಬೇಕಾ?’ ಎಂದು ಕೇಳಿದರು. ಪ್ರಶ್ನೆಗೆ ಮಗ ಇವತ್ತಿನ ತನಕ ಉತ್ತರ ಕೊಟ್ಟಿಲ್ಲ. ಚೀಲದ ಕೆಲಸ ಮಾತ್ರ ಅವನ ಪಾಲಿಗೆ ಬಂತು.

ಜನವರಿಯಲ್ಲಿ, ಎಲ್ಲ ಸರಿಹೋಯಿತು ಎನ್ನುವಾಗ, ಮತ್ತೆ ಒದ್ದೆ. ಅದೂ ಅಜ್ಜಿಗೆ ಬಿಡುವು ಕೊಟ್ಟು ಮಗ ಬೋನಿನ ಪಕ್ಕ ಮಲಗಿದ ರಾತ್ರಿಗಳಲ್ಲಿ ಮಾತ್ರ. ಪಶುವೈದ್ಯರು ಮೂತ್ರದ ಸೋಂಕಿರಬಹುದೆಂದು ಪರೀಕ್ಷಿಸಿದರು. ಅದು ಸರಿಯಾದ ಕ್ರಮವೇ, ಕಲಿತ ಮರಿ ಏಕಾಏಕಿ ತಪ್ಪಿದರೆ ಮೊದಲು ನೋಡಬೇಕಾದದ್ದು ಅದನ್ನೇ. ಸೋಂಕಿರಲಿಲ್ಲ. ಕೊನೆಗೆ ಪತ್ತೆ ಹಚ್ಚಿದ್ದು ಮೊಮ್ಮಗಳು. ರಾತ್ರಿ ಮರಿ ಕುಂಯ್ ಎಂದೊಡನೆ ಅಪ್ಪ ನಿದ್ದೆಗಣ್ಣಿನಲ್ಲಿ ‘ಶ್ಶ್ಶ್, ಸುಮ್ನಿರು’ ಎನ್ನುತ್ತಿದ್ದ. ಅಪ್ಪಣೆಯ ಮೊದಲ ಭಾಗವನ್ನು ಕಾಳಿ ಚಾಚೂ ತಪ್ಪದೆ ಪಾಲಿಸುತ್ತಿತ್ತು.

ಅಂದಿನಿಂದ ಆ ಮನೆಯಲ್ಲಿ ಶ್ಶ್ ನಿಷೇಧವಾಯಿತು. ಕನ್ನಡ ಕೂಟದ ಸಂಕ್ರಾಂತಿ ಸಮಿತಿಯವರು ಅವರ ಹಜಾರದಲ್ಲಿ ಸಭೆ ಸೇರಿದಾಗಲೂ, ಗದ್ದಲವಾದರೆ ಅಧ್ಯಕ್ಷರು ಮೇಜು ಕುಟ್ಟಬೇಕೇ ಹೊರತು ಬೇರೆ ಸದ್ದು ಮಾಡುವಂತಿರಲಿಲ್ಲ.

ಫೆಬ್ರವರಿಯ ಹೊತ್ತಿಗೆ ಎರಡು ಗಂಟೆಯ ಪಾಳಿ ಮೂರಕ್ಕೆ, ನಾಲ್ಕಕ್ಕೆ ಜಾರಿ ಕೊನೆಗೆ ಬಿದ್ದೇ ಹೋಯಿತು. ಐದು ತಿಂಗಳ ಮರಿ ಹನ್ನೊಂದರಿಂದ ಆರರ ತನಕ ಒಂದೇ ನಿದ್ದೆ. ಮಾರ್ಚ್ ಎರಡನೇ ಭಾನುವಾರ ಅಮೆರಿಕದ ಗಡಿಯಾರಗಳು ಒಂದು ಗಂಟೆ ಮುಂದೆ ಹಾರಿದಾಗ, ಆರಕ್ಕೆ ಏಳುತ್ತಿದ್ದ ಕಾಳಿ ಏಳಕ್ಕೆ ಎದ್ದಿತು. ಸರ್ಕಾರ ಕೊಟ್ಟ ಈ ಒಂದು ಗಂಟೆಯನ್ನು ಮಗ ತನ್ನ ತರಬೇತಿಯ ಫಲವೆಂದು ಎಲ್ಲರ ಬಳಿ ಹೇಳಿಕೊಂಡ.

ಏಪ್ರಿಲ್ ಕೊನೆಯಲ್ಲಿ ಅಜ್ಜಿ ಊರಿಗೆ ಹೋದರು. ಸತ್ತೇಗಾಲ ಹ್ಯಾಂಡ್‌ಪೋಸ್ಟಿನಲ್ಲಿ ಕಾರಿಳಿದವರಿಗೆ ಬೀದಿನಾಯಿಗಳೆಲ್ಲ ಬೋನಿಲ್ಲದ ಅನಾಥರಂತೆ ಕಂಡವಂತೆ. ವಾರ ಕಳೆದ ಮೇಲೆ, ಮಧ್ಯಾಹ್ನ ಹನ್ನೆರಡೂವರೆಗೆ ಮುದ್ದೆ ಉಂಡು, ಈಗ ಮರಿಯ ಪಾಳಿಯ ಹೊತ್ತು ಎಂದು ಮಗನಿಗೆ ವಿಡಿಯೋ ಕರೆ ಮಾಡಿದರು. ನ್ಯೂಜೆರ್ಸಿಯಲ್ಲಿ ಮೂರು ಗಂಟೆ ರಾತ್ರಿ. ಮನೆಯವರೆಲ್ಲ ಯಾರಿಗೇನಾಯಿತೋ ಎಂದು ದಡಬಡಿಸಿ ಎದ್ದರು. ಬೋನಿನ ಬಾಗಿಲು ತೆರೆದೇ ಇತ್ತು. ಅಜ್ಜಿಯ ದನಿ ಕೇಳಿದ ಕಾಳಿ ಬಾಲ ಬಡಿಯುತ್ತ ಬಂದು, ರತ್ನಗಂಬಳಿಯ ನಡುವೆ ಫೋನಿನ ಮುಂದೆ ನಿಂತಿತು.

‘ಆಚ್ಗೆ ಕರ್ಕಂಡ್ ಹೋಗಿದ್ರಾ ಇಲ್ವಾ ಇದ್ನ?’

‘ಬೇಡ ಕಣವ್ವ, ಈಗ ರಾತ್ರಿಯೆಲ್ಲಾ ಮಲಗ್ತದೆ.’

‘ನಿಂಗೇನ್ ಗೊತ್ತು, ಸುಮ್ಕಿರು. ಕಾಳವ್ವ, ಬಾ ಮಗ, ಶ್ಶ್ಶ್ಶ್...’

ಫೋನಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ.

‘ಹುಯ್ತಾ?’ ಎಂದರು ಅಜ್ಜಿ.

‘ಹುಯ್ತು ಕಣವ್ವ’ ಎಂದು ಮಗ ಕಿಣ್ವದ ಶೀಶೆ ತರಲು ಎದ್ದ.